ಲಿಜಿಯ ಏಳು ಸೆಂಟು ಜಾಗ

“ಯಾರ್ರೀ ನೀವು? ಆ ತೊಟ್ಟಿ ಬಿಡಿ ಮೊದಲು!”

ಇಗರ್ಜಿಯಿಂದ ಬಂದ ಲಿಜಿ ಛತ್ರಿಯನ್ನೂ ಮಡಚದೆ ಹಿತ್ತಲಿಗೆ ಓಡಿದಳು. ಆದರೆ ತಡವಾಗಿತ್ತು. ಎತ್ತರದ ಯುವಕನೊಬ್ಬ ಅವಳ ಟಾರ್ಪಾಲಿನ ತೊಟ್ಟಿಯ ಅಂಚನ್ನು ಎತ್ತಿ ಹಿಡಿದಿದ್ದ. ಹಸಿರು ನೀರೆಲ್ಲ ಮರಗೆಣಸಿನ ಬುಡಕ್ಕೆ ಹರಿಯುತ್ತಿತ್ತು.

“ಭಾನುವಾರ ಅಲ್ವಾ? ನಿಂತ ನೀರು ಚೆಲ್ಲೋ ದಿನ. ವಾರ್ಡಿನಿಂದ ಬಂದಿದೀವಿ. ಎಷ್ಟು ಪಾಚಿ ಕಟ್ಟಿತ್ತು ನೋಡಿ. ಡೆಂಗಿ ಬಂದ್ರೆ ಇಡೀ ಬೀದಿ ಮಲಗುತ್ತೆ.”

“ಪಾಚಿ ಅಲ್ಲ ಅದು. ಅಝೋಲಾ. ನೀರಲ್ಲಿ ತೇಲೋ ಸೊಪ್ಪು, ನನ್ನ ಕೋಳಿಗಳ ಊಟ.”

ಅವನ ಕೈ ಅಲ್ಲೇ ನಿಂತಿತು.

“ಅದು ಹಾಸ್ಕೊಂಡಿರೋ ನೀರಲ್ಲಿ ಸೊಳ್ಳೆಗೆ ಮೊಟ್ಟೆ ಇಡೋಕೂ ಜಾಗ ಸಿಗಲ್ಲ. ನಾನು ನರ್ಸು. ಡೆಂಗಿ ಬಗ್ಗೆ ನನಗೆ ಪಾಠ ಬೇಡ. ಮನೇಲಿ ಯಾರೂ ಇಲ್ದಾಗ ಬಂದು...” ಮಾತು ಮುಗಿಯುವ ಮೊದಲೇ ಅವಳು ಅತ್ತುಬಿಟ್ಟಳು.

ಅವಳು ಅತ್ತದ್ದು ಬರೀ ತೊಟ್ಟಿಗಲ್ಲ. ಮಸ್ಕತ್ತಿನ ಆಸ್ಪತ್ರೆ ಕೆಲಸ ಬಿಟ್ಟು ಬಂದ ಮಗಳಿಗೆ ತಾಯಿ ತ್ರೇಸ್ಯ ಒಂದೇ ಮಾತು ಹೇಳಿದ್ದಳು. “ನಿನ್ನಪ್ಪ ಬಿಟ್ಟುಹೋದ ಈ ಏಳು ಸೆಂಟಲ್ಲಿ ತರಕಾರಿ ಬೆಳೆದು ಮನೆ ನಡೆಸ್ತೀನಿ ಅಂತೀಯಲ್ಲ, ನಡೆಸಿ ತೋರಿಸು. ಕ್ರಿಸ್ಮಸ್ಸಿಗೆ ಆಗ್ಲಿಲ್ವೋ, ಇದನ್ನ ಮಾರಿ ಎರ್ನಾಕುಳದ ಫ್ಲಾಟಿಗೆ ಹೋಗೋಣ.”

ತ್ರಿಶ್ಶೂರಿನ ಹೊರವಲಯದಲ್ಲಿ ಏಳು ಸೆಂಟೆಂದರೆ ಮನೆ, ಬಾವಿ, ಎರಡು ತೆಂಗಿನಮರ, ಉಳಿದದ್ದು ಅಂಗೈಯಗಲದ ಹಿತ್ತಲು. ಲಿಜಿ ತಾರಸಿಯ ಮೇಲೆ ಬದನೆ, ಮೆಣಸಿನ ಗಿಡ ಇಟ್ಟಿದ್ದಳು, ಕಾಂಪೌಂಡಿಗೆ ಅಲಸಂದೆ ಹಬ್ಬಿಸಿದ್ದಳು. ಅಕ್ಕಿ, ಉಪ್ಪು ಬಿಟ್ಟು ಅಂಗಡಿಯಿಂದ ಏನೂ ತರುವುದಿಲ್ಲ ಎಂಬ ಹಟ ಬೇರೆ. ಹಟದಲ್ಲಿ ತಾಯಿಗೆ ತಕ್ಕ ಮಗಳು.

ಸಂಜೆ ಗೇಟು ಸದ್ದಾಯಿತು. ಅದೇ ಯುವಕ, ಎರಡೂ ಕೈಯಲ್ಲಿ ಬಕೆಟ್ಟು, ಅದರ ತುಂಬ ಅಝೋಲಾ.

“ಮಣ್ಣುತ್ತಿ ನರ್ಸರಿವರೆಗೂ ಹೋಗಿ ತಂದೆ. ತಪ್ಪಾಯ್ತು. ನಾನು ಆಂಟೋ, ನಿಮ್ಮ ಹಿಂದಿನ ಮನೆ. ನೀವು ಮಸ್ಕತ್ತಲ್ಲಿದ್ದಾಗ ನಾವು ಈ ಕಡೆ ಬಂದದ್ದು.”

“ಬಸ್ಸಲ್ಲಿ ತಂದ್ರಾ ಇದನ್ನ?”

“ಹೂಂ. ಕಂಡಕ್ಟರು ಇದ್ಯಾವ ಸೊಪ್ಪು, ಪಲ್ಯಕ್ಕಾ ಅಂತ ಕೇಳ್ದ.”

ನಗಬಾರದೆಂದುಕೊಂಡಿದ್ದ ಲಿಜಿ ನಕ್ಕುಬಿಟ್ಟಳು. ಎಲ್ಲ ಶುರುವಾದದ್ದು ಆ ನಗುವಿನಿಂದಲೇ.

ಆಮೇಲೆ ಅಲಸಂದೆಗೆ ಚಪ್ಪರ ಕಟ್ಟಲು ಬಂದ. ಕೋಳಿಗೂಡಿಗೆ ಕಾಲು ಹಾಕಿಕೊಡಲು ಬಂದ. ಕೆಲಸವಿಲ್ಲದಾಗ ಕೆಲಸ ಹುಡುಕಿಕೊಂಡು ಬಂದ. ಲಿಜಿಯ ಬಾಯಲ್ಲಿ ಅವನು ಆಂಟೋ ಚೇಟ್ಟ ಆದ; ಅಣ್ಣನನ್ನಷ್ಟೇ ಅಲ್ಲ, ಮೆಚ್ಚಿದವನನ್ನೂ ಅಲ್ಲಿ ಹಾಗೇ ಕರೆಯುವುದು. ಅವನು ಬಾರದ ದಿನ ಹಿತ್ತಲು ಯಾಕಿಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಅವಳಿಗೇ ಅರ್ಥವಾಗುತ್ತಿರಲಿಲ್ಲ.

ನವೆಂಬರಿನ ಒಂದು ಮಧ್ಯಾಹ್ನ ತ್ರೇಸ್ಯ ಊಟಕ್ಕೆ ಬಡಿಸುತ್ತ, ಮಗಳನ್ನು ಎಂದಿನಂತೆ ‘ಮೋಳೆ’ ಎಂದು ಕರೆದು ಹೇಳಿದಳು. “ಮೋಳೆ, ಹಿಂದಿನ ಮನೆ ಪೈಲಿ ಬಂದಿದ್ರು. ಆಂಟೋ ಅಪ್ಪ. ಅವರ ಹೊಸ ಕಾರು ಮನೆವರೆಗೂ ಹೋಗಲ್ವಂತೆ, ಇಗರ್ಜಿ ಹತ್ರ ನಿಲ್ಸಿ ನಡೆದು ಬರ್ಬೇಕಂತೆ. ನಮ್ಮ ಜಾಗ ಕೊಡ್ತೀರಾ ಅಂತ ಕೇಳಿದ್ರು.”

ಲಿಜಿಯ ಕೈಯ ತುತ್ತು ತಟ್ಟೆಗೆ ಮರಳಿತು. ಚಪ್ಪರ ಕಟ್ಟುವಾಗ ಆಂಟೋ ‘ಗೋಡೆಯಿಂದ ಬಾವಿಗೆ ಎಷ್ಟು ದೂರ ಇದೆ?’ ಎಂದು ಕೇಳಿದ್ದ. ಅಂದರೆ... ಬಂದದ್ದೆಲ್ಲ ಇದಕ್ಕಾ? ಆ ನಗು, ಆ ಬಕೆಟ್ಟು ಕೂಡ?

ಸಂಜೆ ಅವನು ಬಂದಾಗ ಅವಳು ಗೇಟು ತೆಗೆಯಲಿಲ್ಲ.

“ಅಳತೆ ಮುಗೀತಾ ಆಂಟೋ ಚೇಟ್ಟ?”

“ಯಾವ ಅಳತೆ?”

“ನಿಮ್ಮಪ್ಪ ನಮ್ಮ ಜಾಗ ಕೇಳೋಕೆ ಬಂದಿದ್ರು. ಕಾರಿಗೆ ದಾರಿ ಬೇಕಂತೆ. ನಿಮಗೆ ಗೊತ್ತಿಲ್ಲ ಅಂತ ಮಾತ್ರ ಹೇಳ್ಬೇಡಿ.”

ಅವನ ಮುಖ ಬಿಳಿಚಿಕೊಂಡಿತು. ಏನೋ ಹೇಳಲು ಹೊರಟವನು ಹೇಳದೆ ತಿರುಗಿ ಹೋದ. ಆ ಮೌನವೇ ಒಪ್ಪಿಗೆಯೆಂದು ಲಿಜಿ ಎಣಿಸಿದಳು. ಬುದ್ಧಿವಂತ ಹುಡುಗಿಯರೂ ಪ್ರೀತಿಯ ವಿಷಯದಲ್ಲಿ ಹೀಗೆ ಎಡವುತ್ತಾರೆ.

ದಿನಗಳು ಕಳೆದವು. ತೋಟ ಅವಳ ದುಃಖವನ್ನು ಲೆಕ್ಕಕ್ಕಿಡದೆ ಬೆಳೆಯಿತು. ತ್ರೇಸ್ಯ ಒಂದು ದಿನ ಪೇಟೆಯಿಂದ ಬಂದು ಜಗಲಿಯಲ್ಲಿ ಕುಳಿತು ನಕ್ಕಳು.

“ತರಕಾರಿ ಅಂಗಡಿ ವರೀದ್ ಕೇಳ್ದ, ತ್ರೇಸ್ಯ ಚೇಚ್ಚಿ ಊರು ಬಿಟ್ಟು ಹೋಗಿದ್ರಾ ಅಂತ. ಅವನ ಅಂಗಡಿ ಮೆಟ್ಟಿಲು ಹತ್ತಿ ಎಷ್ಟು ಕಾಲ ಆಯ್ತೋ.” ಆಮೇಲೆ ಸೆರಗಲ್ಲಿ ಕಣ್ಣೊರೆಸಿಕೊಂಡಳು. “ಗೆದ್ದೆ ಮೋಳೆ. ಎಲ್ಲಿಗೂ ಹೋಗೋದು ಬೇಡ. ಜಾಗ ಕೊಡಲ್ಲ ಅಂತ ಪೈಲಿಗೆ ನಾನೇ ಹೇಳ್ತೀನಿ.”

ಲಿಜಿ ಅಮ್ಮನನ್ನು ತಬ್ಬಿಕೊಂಡಳು. ಜಾಗ ಉಳಿದಿತ್ತು. ಆದರೂ ಎದೆಯ ಮೇಲಿನ ಭಾರ ಪೂರ್ತಿ ಇಳಿಯಲಿಲ್ಲ.

ಅಷ್ಟರಲ್ಲಿ ಪೈಲಿಯೇ ಗೇಟು ದೂಡಿಕೊಂಡು ಬಂದರು. ಮುಖ ಕೆಂಪಾಗಿತ್ತು.

“ತ್ರೇಸ್ಯ, ನಿನ್ನ ಮಗಳು ನನ್ನ ಮಗನಿಗೆ ಏನು ಹೇಳಿದಾಳೆ? ಮನೆ ಹಿಂದಿನ ಕಾಲುವೆ ರಸ್ತೆ ಕಡೆ ನಮ್ಮದೇ ಗೋಡೆ ಒಡೆದು ಕಾರಿಗೆ ದಾರಿ ಮಾಡ್ತಿದಾನೆ. ನನ್ನ ಎರಡು ಜಾಯಿಕಾಯಿ ಮರ ಕಡಿಸ್ಬಿಟ್ಟ. ಕಾಯಿ ಬಿಡ್ತಿದ್ದ ಮರ ಕಣೇ.”

“ಯಾಕಂತೆ?” ಲಿಜಿ ಎದ್ದು ಮುಂದೆ ಬಂದಳು.

“ಯಾಕಾ? ನಾನು ಇಲ್ಲಿಗೆ ಬಂದು ಜಾಗ ಕೇಳಿದ್ದೇ ತಪ್ಪಂತೆ. ಅವನಿಗೆ ಗೊತ್ತೇ ಇರ್ಲಿಲ್ಲ, ನಿನ್ನ ಬಾಯಲ್ಲಿ ಕೇಳಿ ಬಂದ. ಆ ಹುಡುಗಿಯ ಒಂದಡಿ ಮಣ್ಣೂ ನಮಗೆ ಬೇಡ ಅಂದ. ಅವತ್ತಿಂದ ನನ್ನ ಜೊತೆ ಮಾತಿಲ್ಲ.” ಪೈಲಿ ಜಗಲಿಯ ಮೇಲೆ ಕುಸಿದು ಕೂತು ಕಣ್ಣೊರೆಸಿಕೊಂಡರು.

ಲಿಜಿ ಮುಂದೆ ಕೇಳಿಸಿಕೊಳ್ಳಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಕಾಲುವೆಯತ್ತ ಓಡಿದಳು. 

ಒಡೆದ ಗೋಡೆಯ ನಡುವೆ ಆಂಟೋ ಕಲ್ಲು ಎತ್ತಿಡುತ್ತಿದ್ದ. ಮೈಯೆಲ್ಲ ಕೆಂಪು ಧೂಳು.

“ಅವತ್ತೇ ಒಂದು ಮಾತು ಹೇಳ್ಬಾರ್ದಿತ್ತಾ?” ಅವಳ ಕಣ್ಣು ತುಂಬಿತ್ತು.

“ಏನಂತ ಹೇಳ್ಲಿ? ಬಾವಿಗೆ ದೂರ ಕೇಳಿದ್ದು ಅಲಸಂದೆಗೆ ನೀರಿನ ಪೈಪು ಎಳೆಯೋಕೆ ಅಂದ್ರೆ ನಂಬ್ತಿದ್ರಾ? ನಿಮ್ಮನ್ನ ಇಷ್ಟ ಪಡ್ತೀನಿ ಅಂದಿದ್ರೂ ಜಾಗಕ್ಕೋಸ್ಕರ ಅಂದ್ಕೊಳ್ತಿದ್ರಿ.”

“ಅಂದ್ಕೊಳ್ತಿದ್ದೆ,” ಅವಳು ತಲೆ ತಗ್ಗಿಸಿದಳು. “ನನ್ನದೇ ತಪ್ಪು.”

“ಅದಕ್ಕೇ ಮೊದಲು ದಾರಿ ಮಾಡ್ದೆ. ಈಗ ನಿಮ್ಮಿಂದ ನಮ್ಮ ಮನೆಗೆ ಏನೂ ಬೇಕಾಗಿಲ್ಲ. ಇನ್ನು ಕೇಳಬಹುದು ಅಂತ ಧೈರ್ಯ ಬಂತು.”

“ಕೇಳಿ ಹಾಗಾದ್ರೆ.”

“ಮದುವೆ ಆಗ್ತೀಯಾ ಲಿಜಿ?”

“ಆ ಮನೆ, ಆ ತೋಟ ಬಿಟ್ಟು ನಾನು ಬರಲ್ಲ.”

“ಬಾ ಅಂತ ಯಾರು ಅಂದ್ರು? ನಾನೇ ಅಲ್ಲಿಗೆ ಬರ್ತೀನಿ.”

“ಮನೆ ಅಳಿಯ ಅಂತ ಊರೆಲ್ಲ ಆಡ್ಕೊಳ್ಳುತ್ತೆ.”

“ಆಡ್ಕೊಳ್ಲಿ. ನಿನಗೆ ಒಪ್ಪಿಗೆನಾ, ಅದು ಹೇಳು.”

ಲಿಜಿ ಅವನ ಹಣೆಯ ಧೂಳನ್ನು ಅಂಗೈಯಿಂದ ಒರೆಸಿದಳು. ಅವಳ ಕೈಯನ್ನು ಅವನು ಬಿಡಲಿಲ್ಲ.

“ಒಪ್ಪಿಗೆ,” ಎಂದಳು. “ಮೊದಲು ನಿಮ್ಮಪ್ಪನ ಜೊತೆ ಮಾತಾಡಿ, ಆಂಟೋ ಚೇಟ್ಟ. ಪಾಪ, ಅಲ್ಲಿ ನಮ್ಮ ಜಗಲಿ ಮೇಲೆ ಕೂತು ಅಳ್ತಿದಾರೆ.”