ಸೂಜಿ ಚುಚ್ಚಿದ್ದು ಗೊತ್ತಾಗದವಳು

ಹೊಲಿಗೆ ಅಂಗಡಿಯ ಮೇಜಿನ ಆಚೆಯಿಂದ ಕಟಿಂಗ್ ಮಾಸ್ಟರ್ ತನ್ನನ್ನೇ ನೋಡುತ್ತಿದ್ದಾನೆ ಎಂದು ಗೊತ್ತಾದಾಗ ಅವಳಿಗೆ ಮೈಯೆಲ್ಲ ಉರಿಯಿತು. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ಸಣ್ಣಗಾದ ಮೇಲೆ ಎಲ್ಲರ ಕಣ್ಣೂ ಅವಳ ಮೇಲೆಯೇ. ಇವನೂ ಅವರಂಥವನೇ ಆದನಲ್ಲ!

“ಏನು ಹಾಗೆ ನೋಡ್ತಿದ್ದೀರಿ?”

“ನಿಮ್ಮ ಬೆರಳು,” ಎಂದ ಅವನು ಮೆಲ್ಲಗೆ. “ಸೂಜಿ ಚುಚ್ಚಿದೆ, ರಕ್ತ ಬರ್ತಿದೆ. ನೋವಾಗ್ಲಿಲ್ವಾ?”

ಅವಳು ಬಗ್ಗಿ ನೋಡಿದಳು. ಹೊಲಿಯುತ್ತಿದ್ದ ಬಿಳಿ ಕೋಟಿನ ಅಂಚು ಕೆಂಪಾಗಿತ್ತು. ನೋವೇ ಆಗಿರಲಿಲ್ಲ.

ಅವನು ಹತ್ತಿ ತಂದು ಬೆರಳಿಗೆ ಒತ್ತಿ ಹಿಡಿದ. ಆ ಹಿಡಿತಕ್ಕೆ ಅವಳ ಬಾಯಿ ತಾನಾಗಿ ಬಿಚ್ಚಿಕೊಂಡಿತು. ಪಾದ ಸದಾ ಜೋಮು, ತಲೆ ಬಾಚಿದರೆ ಹಿಡಿ ಕೂದಲು, ಮೆಟ್ಟಿಲು ಹತ್ತಿದರೆ ಏದುಸಿರು.

“ಡಾಕ್ಟ್ರು ವಿಟಮಿನ್ ಮಾತ್ರೆ ಕೊಟ್ಟಿರ್ಲಿಲ್ವಾ?”

“ಚೆನ್ನಾಗೇ ಇದ್ದೀನಲ್ಲ ಅಂತ ಬಿಟ್ಬಿಟ್ಟೆ. ಎಲ್ಲರೂ ಎಷ್ಟು ಚೆಂದ ಆಗಿದ್ದೀರಿ ಅಂತಾರೆ. ಹುಷಾರಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?”

“ಈಗ ನನ್ನ ಹತ್ರ ಹೇಳಿದ್ರಲ್ಲ, ಅದೇ ಬಾಯಲ್ಲಿ. ನಡೀರಿ ಆಸ್ಪತ್ರೆಗೆ.”

ರಕ್ತಪರೀಕ್ಷೆಯಲ್ಲಿ ವಿಟಮಿನ್ ಬಿ12 ತಳ ಕಂಡಿತ್ತು. ಕಬ್ಬಿಣದ ಅಂಶವೂ ಅಷ್ಟಕ್ಕಷ್ಟೇ.

“ಈ ಆಪರೇಷನ್ ಆದವರಿಗೆ ಊಟದಿಂದ ಇದೆಲ್ಲ ಸಾಕಷ್ಟು ಸಿಗಲ್ಲಮ್ಮ. ಮಾತ್ರೆ ಬಿಡೋ ಹಾಗೇ ಇಲ್ಲ,” ಎಂದು ಡಾಕ್ಟರಮ್ಮ ಗದರಿದರು. “ಇನ್ನೂ ತಡ ಮಾಡಿದ್ರೆ ನರಕ್ಕೆ ಆದ ಪೆಟ್ಟು ಸರಿಹೋಗದೇ ಇರಬಹುದಿತ್ತು.”

ಬೆರಳನ್ನೇ ನಂಬಿ ಬದುಕುವವಳು ಹತ್ತೂ ಬೆರಳನ್ನು ಮಡಿಸಿ, ಬಿಚ್ಚಿ ನೋಡಿಕೊಂಡಳು.

ಇಂಜೆಕ್ಷನ್ ಶುರುವಾಯಿತು. ಹೋದಾಗಲೆಲ್ಲ ಅವನು ಜೊತೆಗಿದ್ದ. ಅಂಗಡಿಯಲ್ಲಿ ಅವಳು ನಾಲ್ಕೇ ತುತ್ತನ್ನು ಅಗಿದು ಅಗಿದು ನುಂಗುವಾಗ, ಗಬಗಬನೆ ತಿನ್ನುವ ಅಭ್ಯಾಸದ ಅವನೂ ಬೇಕೆಂದೇ ನಿಧಾನ ಮಾಡುತ್ತಿದ್ದ. ಕೆಲವು ತಿಂಗಳಾದ ಮೇಲೆ, ಹೊಸದಾಗಿ ಬಂದ ಮಖಮಲ್ಲಿನ ಮೇಲೆ ಅವಳು ಕೈಯಾಡಿಸಿದಳು. ಅದರ ನುಣುಪು ಬೆರಳಿಗೆ ಸಿಕ್ಕಿತು. ಕಣ್ಣು ತುಂಬಿ ಬಂತು.

“ಅವತ್ತು ನೀವು ನೋಡದೇ ಹೋಗಿದ್ರೆ ನನ್ನ ಗತಿ ಏನಾಗ್ತಿತ್ತು?”

“ನೋಡದೇ ಇರೋಕೆ ನನ್ನಿಂದ ಆಗ್ತಿರಲಿಲ್ಲ. ನೀವು ಈ ಅಂಗಡಿಗೆ ಸೇರಿದಾಗಿಂದ ನನಗೆ ಅದೇ ಕೆಲಸ.”

“ಆಗ ನಾನು ಇಷ್ಟು ದಪ್ಪ ಇದ್ದೆ!” ಎಂದು ಅವಳು ಎರಡೂ ಕೈ ಅಗಲಿಸಿದಳು.

“ಹೌದಾ? ತುಂಬ ನಗ್ತಿದ್ರಿ. ನನಗೆ ಅಷ್ಟೇ ನೆನಪು.”

ಹಾಗೆಂದವನೇ ಅಳತೆ ಟೇಪನ್ನು ಸುಮ್ಮನೆ ಸುತ್ತತೊಡಗಿದ. ಕಿವಿ ಕೆಂಪಗಾಗಿತ್ತು.

ಅವಳು ಕೇಳಿದಳು, “ಸಂಜೆ ನಮ್ಮಕ್ಕನ ಮನೆಗೆ ಬರ್ತೀರಾ?”

“ಬರ್ತೀನಿ. ಯಾರು ಅಂತ ಕೇಳಿದ್ರೆ ಏನು ಹೇಳ್ತೀರಿ?”

ಅವಳು ತಲೆ ಎತ್ತಲಿಲ್ಲ. ಮಖಮಲ್ಲನ್ನು ಮಡಿಸುತ್ತಲೇ ಹೇಳಿದಳು:

“ನಮ್ಮವರು ಅಂತೀನಿ.”