ಲಂಡನ್ ಸಾಹೇಬರ ಕಿವಿ

ಭೇರ್ಯದ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಕನಕರಾಜು ಎರಡು ವರ್ಷ ನಿಯತ್ತಾಗಿ ನೊಣ ಹೊಡೆದ. ರೆಕಾರ್ಡ್ ಆದ ಹಾಡಿನ ಏರುಪೇರು ತಿದ್ದಿ, ಬೇಡದ ಸದ್ದು ತೆಗೆದು, ಕೊನೆಯ ಹೊಳಪು ಕೊಡುವ ಮಾಸ್ಟರಿಂಗ್ ಕೆಲಸ ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. ಬರದಿದ್ದವರು ಗಿರಾಕಿಗಳು. ಕೆ.ಆರ್. ನಗರದ ಸೌಂಡ್ ಸಿಸ್ಟಂ ಲಿಂಗರಾಜು ಮುಖಕ್ಕೇ ಹೇಳಿದ್ದ:

"ಗಿರಣಿ ಮ್ಯಾಲ್ ಕುಂತ್ಕೊಂಡು ಅದೇನ್ ಮಾಸ್ಟ್ರಿಂಗ್ಲಾ? ನಾನು ಫಾರಿನ್‌ಗೇ ಕಳ್ಸೋದು, ಬುಡು."

ಫಾರಿನ್ನೇ ಬೇಕಾ? ತಗೊಳ್ಳಿ! ಕನಕರಾಜು ಲಂಡನ್ನಿನ ರಿಚರ್ಡ್ ಸಾಹೇಬನಾದ. ಆ ಹೆಸರಿನಲ್ಲೊಂದು ವೆಬ್‌ಸೈಟ್ ತೆರೆದು, ಎಲ್ಲಿಂದಲೋ ತಂದ ಬಿಳಿಗಡ್ಡದ ಫೋಟೊ ಅಂಟಿಸಿದ. ಬಂದ ಹಾಡಿನ ಸೌಂಡು ಒಂದಿಷ್ಟು ಏರಿಸಿದರೆ ಮುಗಿಯಿತು, ಎರಡು ನಿಮಿಷದ ಕೆಲಸ. ಆದರೆ ಮೂರು ದಿನ ಸತಾಯಿಸದೆ ವಾಪಸು ಕಳಿಸುತ್ತಿರಲಿಲ್ಲ. ಬೇಗ ಬಂದದ್ದಕ್ಕೆ ನಮ್ಮ ಜನ ಮರ್ಯಾದೆ ಕೊಡುವುದಿಲ್ಲ. ಜೊತೆಗೊಂದು ಪತ್ರ: 'ಮೂರು ಸಲ ಕೇಳಿದೆ. ಕಣ್ಣು ತುಂಬಿ ಬಂತು.' ಹಾಡು ಕೇಳುವ ಗೋಜಿಗೆ ಮಾತ್ರ ಹೋಗುತ್ತಿರಲಿಲ್ಲ. ಯಾಕೆ ಕೇಳಬೇಕು? ಕಂಪ್ಯೂಟರಿನ ಮೇಲೆ ಸದ್ದಿನ ಗೆರೆ ದಪ್ಪಗಾದರೆ ಸಾಕಲ್ಲ.

ಸರಗೂರಿನ ಹರ್ಷಿತಾ ತನ್ನ ಅಜ್ಜಿಯ ಸೋಬಾನೆ ಪದಗಳನ್ನು ಕಳಿಸತೊಡಗಿದಳು. ಅಜ್ಜಿ ಸೋಮಮ್ಮ ಮದುವೆಮನೆಗಳಲ್ಲಿ ಬೀಗರ ಕಾಲೆಳೆಯುವ ಪದವನ್ನು ನಿಂತಲ್ಲೇ ಕಟ್ಟಿ ಹಾಡುವುದರಲ್ಲಿ ಎತ್ತಿದ ಕೈ. ಮೊದಲ ಹಾಡು ವಾಪಸು ಬಂದ ಮೇಲೆ ಹುಡುಗಿ ಇಂಗ್ಲಿಷಿನಲ್ಲಿ ತಕರಾರು ಬರೆದಳು. ನಡುವೆ ಕೋಳಿ ಕೂಗಿದ್ದು ಹಾಗೇ ಇದೆಯಲ್ಲ, ನಿಜವಾಗಿ ಪೂರ್ತಿ ಕೇಳಿದಿರಾ ಎಂದು.

'ಆ ಕೋಳಿಯೇ ಹಾಡಿನ ಆತ್ಮ,' ಎಂದು ಸಾಹೇಬ ಉತ್ತರಿಸಿದ. ಬರೆದವನಿಗೇ ನಗು ತಡೆಯಲಾಗಲಿಲ್ಲ. ಹುಡುಗಿ ಎರಡನೆಯ ಹಾಡು ಕಳಿಸಿದಳು. ಮೂರು ದಿನ, ಸೌಂಡು, ಕಣ್ಣೀರಿನ ಪತ್ರ; ಎಲ್ಲವೂ ಯಥಾಪ್ರಕಾರ ನಡೆಯಿತು.

ಅಷ್ಟರಲ್ಲಿ ದೊಡ್ಡ ಮೀನೇ ಬಂತು. ಮಿರ್ಲೆಯ ನಾಟಕ ತಂಡದ ಮೂವತ್ತು ಹಾಡುಗಳನ್ನು ಹಿಡಿದುಕೊಂಡು ಲಿಂಗರಾಜು ಲಂಡನ್ನಿಗೆ ಬರೆದಿದ್ದ: ಮೊದಲು ಒಂದು ಸ್ಯಾಂಪಲ್ ಕೇಳಿಸಿ. ಕನಕರಾಜು ಕುಣಿದುಬಿಟ್ಟ. ಈ ಕೆಲಸ ಸಿಕ್ಕರೆ ವರ್ಷವಿಡೀ ಕೋಣೆಯ ಬಾಡಿಗೆಯ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚಾಗಿ, ಗಿರಣಿ ಎಂದು ನಕ್ಕವನೇ ಗಿರಣಿಯ ಮೇಲಿನ ಕೋಣೆಗೆ ಕೈಮುಗಿದಂತಾಗುತ್ತದೆ! ಸೋಮಮ್ಮನ ಎರಡನೆಯ ಹಾಡನ್ನು ಸ್ಯಾಂಪಲ್ ಎಂದು ವೆಬ್‌ಸೈಟಿಗೆ ಏರಿಸಿ, ತಮಾಷೆ ನೋಡಲು ತಾನೇ ಲಿಂಗರಾಜುವಿನ ಅಂಗಡಿಗೆ ಹೋದ.

"ಬಾರಪ್ಪ ಕನಕ," ಲಿಂಗರಾಜು ಅಂಗಡಿಯ ದೊಡ್ಡ ಸ್ಪೀಕರಿಗೆ ವೈರು ಸಿಕ್ಕಿಸಿದ. "ಸಾಹೇಬ್ರು ಹೆಂಗ್ ಮಾಡವ್ರೆ ಕೇಳು. ಒಸಿ ಕಲ್ತ್ಕೊ."

"ಕೇಳ್ತೀನಿ ಬುಡಣ್ಣ," ಎಂದು ಕನಕರಾಜು ಸ್ಟೂಲು ಎಳೆದುಕೊಂಡು ಕುಳಿತ.

ಗುಂಡಿ ಒತ್ತಿದ ಕೂಡಲೇ ಸೋಮಮ್ಮನ ಗಂಟಲು ಬೀದಿಯ ತುಂಬ ಹರಡಿತು. ಬಸ್ಸಿಗೆ ಕಾಯುತ್ತಿದ್ದವರೂ ಹತ್ತಿರ ಬಂದರು. ಎರಡು ನುಡಿ ಚೆಂದವಾಗಿ ಸಾಗಿತು. ಲಿಂಗರಾಜು ತಲೆದೂಗುತ್ತ ಮೊಬೈಲು ಕೈಗೆತ್ತಿಕೊಂಡ, ಒಪ್ಪಿಗೆ ಬರೆಯಲು. ಮೂರನೆಯ ನುಡಿಗೆ ಅಜ್ಜಿ ಬೀಗರನ್ನು ಬಿಟ್ಟು ಬೇರೆಯವರ ಕಾಲೆಳೆದಳು:

"ಲಂಡನ್ನ ಸಾಹೇಬ ಕಿವಿಯೆಲ್ಲಿ ಮಡಗವ್ನೆ
ಕೇಳಿದ್ರೆ ಈ ಸೊಲ್ಲ ತೆಗೆದಾನು, ಸೋಬಾನೆ
ಕೇಳದ ಕಳ್ಳ ಅಂಗೇ ಕಳಿಸ್ಯಾನು!"

ಬೀದಿಯೆಲ್ಲ ಗೊಳ್ಳೆಂದಿತು. ಲಿಂಗರಾಜು ಹೊಟ್ಟೆ ಹಿಡಿದುಕೊಂಡು ನಗುತ್ತ, ಒಪ್ಪಿಗೆ ಬರೆಯದೆ ಮೊಬೈಲು ಪಕ್ಕಕ್ಕಿಟ್ಟ. ಸ್ಟೂಲಿನ ಮೇಲಿದ್ದ ಕನಕರಾಜು ಮಾತ್ರ ಬಾಯಿ ತೆರೆದುಕೊಂಡು ಕೂತಿದ್ದ. ಮೂರು ಸಲ ಕೇಳಿ ಕಣ್ಣು ತುಂಬಿಕೊಂಡೆ ಎಂದು ಬರೆದ ಹಾಡನ್ನು ಅವನು ಕೇಳುತ್ತಿದ್ದುದು ಅದೇ ಮೊದಲ ಸಲ.