ಹನ್ನೆರಡು ಜನರಲ್ಲಿ ಅಮ್ಮನೂ ಒಬ್ಬಳು

"ಶ್! ಬರ್ತಿದೆ, ಬರ್ತಿದೆ! ಎಲ್ಲ ಸುಮ್ನಿರ್ರೋ!"

ಮಿಸ್ ಹ್ಯಾಡ್ಲಿ ಟಿವಿಯ ವಾಲ್ಯೂಮ್ ಏರಿಸಿದರು. ಲೈಬ್ರರಿಯಿಂದ ಕ್ಲಾಸಿಗೆ ತಳ್ಳಿಕೊಂಡು ಬಂದ ಟಿವಿ ಅದು. ಇವತ್ತು ಗಣಿತ ಇಲ್ಲ. ಲಾಸ್ ಏಂಜಲೀಸ್‌ನಲ್ಲಿ ಇವತ್ತು ಯಾರೂ ಕೆಲಸ ಮಾಡುತ್ತಿರಲಿಲ್ಲ ಅನ್ನಿ. ಬಸ್ ಡ್ರೈವರುಗಳೂ ಬಸ್ ನಿಲ್ಲಿಸಿ ರೇಡಿಯೋಗೆ ಕಿವಿಕೊಟ್ಟು ಕೂತಿದ್ದರು.

ಟಿವಿಯಲ್ಲಿ ಡೆಸ್ಮಂಡ್ ಕ್ರೇಲ್ ಎದ್ದು ನಿಂತ. ಅವನ ಹಾಡು ಕೇಳದ ಮನೆಯೇ ಇರಲಿಲ್ಲ. ತನ್ನ ಕಾರಿನ ಡ್ರೈವರ್ ರೂಬೆನ್ ಅಲ್ಫಾರೋನನ್ನು ಗುಂಡಿಟ್ಟು ಕೊಂದ ಅಂತ ಅವನ ಮೇಲೆ ಕೇಸು, ಇವತ್ತು ಅದರ ತೀರ್ಪು.

ಜೊನೆಲ್ ಮಾತ್ರ ಕ್ರೇಲ್‌ನನ್ನು ನೋಡುತ್ತಿರಲಿಲ್ಲ. ಕೋರ್ಟಿನ ಒಂದು ಪಕ್ಕದಲ್ಲಿ ಜ್ಯೂರಿಯವರು ಕೂತಿರುತ್ತಾರೆ. ಊರಿನ ಸಾಮಾನ್ಯ ಜನರಿಂದಲೇ ಆರಿಸಿದ ಹನ್ನೆರಡು ಮಂದಿ. ತಪ್ಪಿತಸ್ಥ ಹೌದೋ ಅಲ್ಲವೋ ಎಂದು ಹೇಳಬೇಕಾದವರು ಅವರೇ. ಅವರ ಮುಖ ತೋರಿಸಬಾರದು, ಹೆಸರು ಹೇಳಬಾರದು ಎಂದು ಜಡ್ಜು ಕಟ್ಟುನಿಟ್ಟು ಮಾಡಿದ್ದರು.

ಆ ಹನ್ನೆರಡು ಜನರಲ್ಲಿ ಜೊನೆಲ್‌ಳ ಅಮ್ಮನೂ ಒಬ್ಬಳು.

ತಿಂಗಳುಗಟ್ಟಲೆಯಿಂದ ಅಮ್ಮ ಮನೆಯಲ್ಲಿರಲಿಲ್ಲ. ಟಿವಿ, ಪೇಪರು ಕಣ್ಣಿಗೆ ಬೀಳಬಾರದು ಅಂತ ಅವರನ್ನೆಲ್ಲ ಹೋಟೆಲೊಂದರಲ್ಲಿ ಕಾವಲಿನಲ್ಲಿ ಇಟ್ಟಿದ್ದರು. ಯಾರಾದರೂ ಕೇಳಿದರೆ, "ಅಮ್ಮ ಫ್ರೆಸ್ನೋದಲ್ಲಿ ದೊಡ್ಡಮ್ಮನ ಮನೇಲಿದ್ದಾಳೆ" ಅಂತ ಹೇಳಬೇಕು. ಅಜ್ಜಿ ಹಾಗೆ ಕಲಿಸಿದ್ದಳು. ಜೊನೆಲ್ ಹಾಗೇ ಹೇಳಿಕೊಂಡು ಬಂದಿದ್ದಳು.

"ನಿರ್ದೋಷಿ," ಎಂದು ಓದಿದರು ಟಿವಿಯಲ್ಲಿ.

ಕ್ಲಾಸ್ ಸ್ಫೋಟಿಸಿತು! ಕೆಲವರು ಬೆಂಚಿನ ಮೇಲೆ ಹತ್ತಿ ಕುಣಿದರು. ಕೆಲವರು "ಮೋಸ! ಮೋಸ!" ಅಂತ ಕೂಗಿದರು. ಟಿವಿಯಲ್ಲಿ ಕ್ರೇಲ್ ಲಾಯರನ್ನು ತಬ್ಬಿಕೊಂಡ. ಅವನ ಹಿಂದೆ ಕಪ್ಪು ಬಟ್ಟೆಯ ಮುದುಕಿಯೊಬ್ಬರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ರೂಬೆನ್‌ನ ತಾಯಿ.

ಹಿಂದಿನ ಬೆಂಚಿನ ನೆಸ್ಟರ್ ಪೆನ್ಸಿಲ್ ಬಾಕ್ಸನ್ನು ನೆಲಕ್ಕೆ ಅಪ್ಪಳಿಸಿದ. "ರೂಬೆನ್ ಅಂಕಲ್ ನಮ್ಮ ಚರ್ಚಿಗೆ ಬರ್ತಿದ್ರು! ಈ ಜ್ಯೂರಿಯವರೇನು ಕುರುಡರಾ? ಆ ಕ್ರೇಲ್‌ನ ಆಟೋಗ್ರಾಫ್ ಆಸೆಗೆ ಬಿಟ್ಟುಬಿಟ್ರು, ಲೋಫರ್‌ಗಳು!"

"ನಮ್ಮಮ್ಮ ಯಾರ ಆಟೋಗ್ರಾಫೂ ಕೇಳೋಳಲ್ಲ!"

ಹೇಳಿಯಾದ ಮೇಲೆ ಜೊನೆಲ್ ಬಾಯಿ ಮುಚ್ಚಿಕೊಂಡಳು. ಕ್ಲಾಸೆಲ್ಲ ಅವಳ ಕಡೆ ತಿರುಗಿತ್ತು.

ಸಂಜೆ ಪೊಲೀಸ್ ಕಾರಿನಲ್ಲಿ ಅಮ್ಮ ಬಂದಳು. ತುಂಬ ಇಳಿದುಹೋಗಿದ್ದಳು. ಅಜ್ಜಿ ಮಾಡಿಟ್ಟಿದ್ದ ಮ್ಯಾಕರೋನಿ ಚೀಸನ್ನು ಎರಡು ಚಮಚ ತಿಂದು, ಜೊನೆಲ್‌ಳನ್ನು ತಬ್ಬಿಕೊಂಡು, ಸೋಫಾದ ಮೇಲೇ ನಿದ್ದೆಹೋದಳು. ಕ್ಲಾಸಲ್ಲಿ ಆದದ್ದನ್ನು ಹೇಳೋಕೆ ಜೊನೆಲ್‌ಗೆ ಧೈರ್ಯ ಬರಲಿಲ್ಲ.

ಬೆಳಿಗ್ಗೆ ಪರದೆ ಸರಿಸಿದರೆ ಬೀದಿ ತುಂಬ ವ್ಯಾನುಗಳು! ಮೇಲೆ ದೊಡ್ಡ ದೊಡ್ಡ ಡಿಶ್‌ಗಳು. ಬೇಲಿಗೆ ಒರಗಿ ಕ್ಯಾಮೆರಾಗಳು. ಎಲ್ಲರ ಬಾಯಲ್ಲೂ ಅಮ್ಮನ ಹೆಸರು.

"ವರ್ಲೀನ್! ಒಂದೇ ಮಾತು! ಯಾಕೆ ಬಿಟ್ರಿ?"

"ಕ್ರೇಲ್ ನಿಮ್ಮ ಫೇವರಿಟ್ ಹಾಡುಗಾರನಂತೆ, ಹೌದಾ?"

ರಸ್ತೆಯ ಆಚೆ ಒಬ್ಬಾಕೆ 'ಥ್ಯಾಂಕ್ಯೂ ವರ್ಲೀನ್' ಅಂತ ರಟ್ಟು ಹಿಡಿದಿದ್ದಳು. ಅವಳ ಪಕ್ಕದಲ್ಲೇ ಇನ್ನೊಬ್ಬನ ರಟ್ಟಿನಲ್ಲಿ 'ಕೊಲೆಗಾರನ ಗೆಳತಿ' ಅಂತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು. ಪಟ್ ಅಂತ ಕಿಟಕಿಗೆ ಮೊಟ್ಟೆಯೊಂದು ಬಂದು ಒಡೆಯಿತು.

"ನನ್ನ ಗುಲಾಬಿ ಗಿಡ ತುಳೀತಿದಾರೆ, ಹಾಳಾದೋರು!" ಕೂದಲಿಗೆ ರೋಲರ್ ಸುತ್ತಿಕೊಂಡಿದ್ದ ಅಜ್ಜಿ ಪೈಪು ಹಿಡಿದು ಹೊರಗೆ ನುಗ್ಗಿದಳು. ನೀರು ಚಿಮ್ಮಿತು. ಕ್ಯಾಮೆರಾದವರು ಹಾರಿಬಿದ್ದು ಓಡಿದರು.

ಬೇರೆ ದಿನವಾಗಿದ್ದರೆ ಜೊನೆಲ್ ಬಿದ್ದು ಬಿದ್ದು ನಗುತ್ತಿದ್ದಳು.

ಟಿವಿಯಲ್ಲಿ ಒಬ್ಬ ತಜ್ಞ "ಈ ಜ್ಯೂರಿಯವರು ಬರೀ ಅಭಿಮಾನಿಗಳು" ಅಂತಿದ್ದ. ಇನ್ನೊಂದು ಚಾನೆಲ್‌ನಲ್ಲಿ "ಇವರು ಧೀರರು" ಅಂತಿದ್ದರು. ಅಮ್ಮ ಟಿವಿ ಆಫ್ ಮಾಡಿದಳು.

"ಹೆಸರು ಹೊರಗೆ ಹೋಗಲ್ಲ ಅಂದಿದ್ರು ಜಡ್ಜು. ಇವರಿಗೆ ಹೇಗೆ ಗೊತ್ತಾಯ್ತೋ..."

ಜೊನೆಲ್ ಪರದೆಯನ್ನು ಮತ್ತೆ ಎಳೆದು ಮುಚ್ಚಿದಳು. "ನಾನೇ ಅಮ್ಮಾ. ಕ್ಲಾಸಲ್ಲಿ ಬಾಯಿ ತಪ್ಪಿ ಹೇಳ್ಬಿಟ್ಟೆ. ನೆಸ್ಟರ್ ನಿಮ್ಮನ್ನೆಲ್ಲ ಬೈದ. ನಂಗೆ ತಡ್ಕೊಳೋಕಾಗಲಿಲ್ಲ."

ಬೈಗುಳ ಬರುತ್ತದೆ ಅಂತ ಕಾದಳು. ಅಮ್ಮ ಸೋಫಾದಲ್ಲಿ ಸರಿದು ಜಾಗ ಮಾಡಿದಳು.

"ಬಾ ಇಲ್ಲಿ," ಅಂತ ಪಕ್ಕಕ್ಕೆ ಕೂರಿಸಿಕೊಂಡಳು.

"ಅಮ್ಮಾ, ಅವನೇ ಕೊಂದಿದ್ನಾ?"

"ಗೊತ್ತಿಲ್ಲ ಕಣೇ."

"ಗೊತ್ತಿಲ್ವಾ!" ಜೊನೆಲ್ ಎದ್ದೇ ನಿಂತಳು. "ಅಷ್ಟು ತಿಂಗಳು ಅಲ್ಲೇ ಕೂತಿದ್ಯಲ್ಲ! ನನ್ನ ಬರ್ತ್‌ಡೇಗೂ ಬರಲಿಲ್ಲ!"

"ಹೌದು. ದಿನಾ ಕೇಳಿದೆ, ದಿನಾ ನೋಡಿದೆ. ಅನುಮಾನ ಇತ್ತು. ಬರೀ ಅನುಮಾನದ ಮೇಲೆ ಒಬ್ಬ ಮನುಷ್ಯನನ್ನ ಜೈಲಿಗೆ ಹಾಕೋ ಹಾಗಿಲ್ಲ ಅಂತ ಜಡ್ಜು ಹೇಳಿದ್ರು. ಅವನೇ ಅಂತ ಪಕ್ಕಾ ತೋರಿಸಬೇಕಿತ್ತು ಸರ್ಕಾರದವರು. ತೋರಿಸಲಿಲ್ಲ."

"ಹಾಗಾದ್ರೆ ಅವನೇ ಇರಬಹುದು?"

"ಇರಬಹುದು." ಅಮ್ಮನ ದನಿ ತೀರ ಸಣ್ಣದಾಗಿತ್ತು. "ಅಲ್ಲದೇನೂ ಇರಬಹುದು. ತೀರ್ಪು ಓದುವಾಗ ರೂಬೆನ್‌ನ ತಾಯಿ ನನ್ನ ಕಡೆನೇ ನೋಡ್ತಿದ್ರು. ನನಗೆ ತಲೆ ಎತ್ತೋಕಾಗಲಿಲ್ಲ."

ಜೊನೆಲ್ ಮತ್ತೆ ಅಮ್ಮನ ಪಕ್ಕ ಕೂತಳು. ದೊಡ್ಡವರು ಇಷ್ಟು ದೊಡ್ಡ ವಿಷಯದಲ್ಲಿ 'ಗೊತ್ತಿಲ್ಲ' ಅನ್ನುವುದನ್ನು ಅವಳು ಕೇಳಿರಲೇ ಇಲ್ಲ.

"ಇವತ್ತು ಸ್ಕೂಲ್ ಬೇಡ," ಎಂದಳು ಒಳಗೆ ಬಂದ ಅಜ್ಜಿ, ಪೈಪು ಇನ್ನೂ ಕೈಯಲ್ಲೇ ಇತ್ತು.

"ಹೋಗ್ಲಿ ಬಿಡಮ್ಮ. ನಾನೇ ಬಿಟ್ಟು ಬರ್ತೀನಿ," ಎಂದಳು ಅಮ್ಮ.

ಬಾಗಿಲು ತೆಗೆದಿದ್ದೇ ತಡ, ಮೈಕುಗಳು ಮುತ್ತಿಕೊಂಡವು. ಅಮ್ಮ ಯಾರಿಗೂ ಉತ್ತರ ಕೊಡದೆ ನಡೆದಳು. ಕಿತ್ತಳೆ ಬಣ್ಣದ ಟೈ ಕಟ್ಟಿದ್ದ ಒಬ್ಬ ಜೊನೆಲ್‌ಳ ಮುಂದೆ ಕುಕ್ಕರಗಾಲಲ್ಲಿ ಕೂತ. ಬೆಣ್ಣೆಯಂಥ ನಗು.

"ಪುಟ್ಟಾ, ಅಮ್ಮ ನಿಂಗಾದ್ರೂ ಏನು ಹೇಳಿದ್ರು? ಕ್ರೇಲ್ ಒಳ್ಳೆಯವನು ಅಂದ್ರಾ?"

ಉತ್ತರ ನಾಲಿಗೆಯ ತುದಿಗೇ ಬಂತು. ಅಮ್ಮನಿಗೆ ಗೊತ್ತಿಲ್ಲ ರೀ! ಹಾಗಂದುಬಿಟ್ಟರೆ? ಸಂಜೆಯ ನ್ಯೂಸಿನಲ್ಲಿ ಅದನ್ನೇ ಹತ್ತು ಸಲ ತೋರಿಸುತ್ತಾರೆ. 'ಬಿಟ್ಟವಳಿಗೇ ಗೊತ್ತಿಲ್ಲವಂತೆ' ಅಂತ ನಗುತ್ತಾರೆ. ಸೋಫಾದ ಮೇಲೆ ಅಮ್ಮ ಹೇಳಿದ ಬೇರೆ ಮಾತೊಂದೂ ಅಲ್ಲಿ ಬರುವುದಿಲ್ಲ.

ಜೊನೆಲ್ ತುಟಿ ಬಿಗಿಹಿಡಿದು, ಅವನನ್ನು ಬಳಸಿಕೊಂಡು ಮುಂದೆ ಹೋದಳು.

ಸ್ಕೂಲ್ ಗೇಟಿನ ಒಳಗೆ ಕ್ಯಾಮೆರಾದವರನ್ನು ಬಿಡಲಿಲ್ಲ. ಅಲ್ಲಿ ನೆಸ್ಟರ್ ನಿಂತಿದ್ದ. ಅತ್ತು ಅತ್ತು ಅವನ ಕಣ್ಣು ಊದಿತ್ತು.

"ಇವರೇನಾ?" ಎಂದ.

"ಹೂಂ. ನಮ್ಮಮ್ಮ." ಜೊನೆಲ್ ಅಮ್ಮನ ಕಡೆ ತಿರುಗಿದಳು. "ರೂಬೆನ್ ಅಂಕಲ್ ಇವನ ಚರ್ಚಿಗೆ ಹೋಗ್ತಿದ್ರಂತೆ."

ನೆಸ್ಟರ್ ಏನೋ ಅನ್ನಲು ಬಾಯಿ ತೆಗೆದ. ಅಷ್ಟರಲ್ಲಿ ಅಮ್ಮನೇ ಕೇಳಿದಳು.

"ಅವರ ತಾಯಿ ಹೇಗಿದಾರಪ್ಪ?"

ನೆಸ್ಟರ್ ಬೂಟಿನ ತುದಿಯಿಂದ ನೆಲ ಕೆರೆದ.

"ಅಳ್ತಾನೇ ಇದಾರೆ. ಊಟ ಮಾಡ್ತಿಲ್ಲವಂತೆ. ನಮ್ಮಮ್ಮ ಅವರ ಮನೇಲೇ ಇದಾರೆ ನಿನ್ನೆಯಿಂದ."

ಅಮ್ಮ ತಲೆಯಾಡಿಸಿದಳು. ಜೊನೆಲ್‌ಳ ತಲೆ ಸವರಿ, ಬಂದ ದಾರಿಯಲ್ಲೇ ಹೊರಟಳು. ಮೈಕುಗಳು ಮತ್ತೆ ಮುತ್ತಿಕೊಂಡವು. ಯಾಕೆ, ಯಾಕೆ, ಯಾಕೆ?

"ನಿಮ್ಮಮ್ಮನ ಮೇಲೆ ನನಗಿನ್ನೂ ಸಿಟ್ಟಿದೆ," ಎಂದ ನೆಸ್ಟರ್.

"ಗೊತ್ತು," ಎಂದಳು ಜೊನೆಲ್.

ಅವಳಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಬೆಲ್ ಹೊಡೆಯಿತು. ಆ ಗುಂಪಿನ ನಡುವೆ ಅಮ್ಮನ ತಲೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಮರೆಯಾಗುತ್ತಿತ್ತು. ಅದು ಮೂಲೆ ತಿರುಗುವವರೆಗೂ ಜೊನೆಲ್ ಗೇಟಿನ ಕಂಬಿ ಹಿಡಿದು ನೋಡುತ್ತ ನಿಂತಳು. ನೆಸ್ಟರ್ ಕೂಡ ಒಳಗೆ ಹೋಗಲಿಲ್ಲ.